ಕಪ್ಪಿಯ ಕಾಲಿಗೆ ತುಪ್ಪ

ಚೆನ್ನೈನ ವೆಸ್ಟ್ ಮಾಂಬಲಂನ ಮನೆಗೆ ಬಂದ ಮೊದಲ ವಾರ. ಸಾರಿಗೆ ಒಗ್ಗರಣೆ ಇಟ್ಟಿದ್ದೆ. ಅಡುಗೆಮನೆಯ ಕಿಟಕಿಯ ಕಂಬಿಗಳ ನಡುವಿನಿಂದ ಒಂದು ಕೈ ಒಳಗೆ ಬಂತು. ಹಸಿರು ಗಾಜಿನ ಬಳೆ ತೊಟ್ಟ, ಸುಕ್ಕು ಬಿದ್ದ ಕೈ. ಅದರಲ್ಲಿ ಒಂದು ಬೆಕ್ಕಿನ ಮರಿ ಕುತ್ತಿಗೆಯ ಚರ್ಮದಿಂದ ನೇತಾಡುತ್ತಿತ್ತು. "ಪಿಡಿಮ್ಮಾ, ಪಿಡಿ," ಎಂದಿತು ಕೈಯ ಹಿಂದಿದ್ದ ದನಿ. ನನಗೆ ಆಗ ತಮಿಳು ಒಂದಕ್ಷರ ಬಾರದು. ಆದರೂ ಹಿಡಿದೆ. ಅತ್ತ ಸಾಸಿವೆ ಸೀದುಹೋಯಿತು.

ಊರಲ್ಲಿ ಕೂತು ಇದನ್ನು ಓದುವ ನಿಮಗೆ ಇದು ನಾನು ಕಟ್ಟಿದ ಕತೆ ಅನ್ನಿಸಬಹುದು. ನಮ್ಮ ಕೋಟದ ಕಡೆ ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ತರಬೇಕಾದರೂ ಗದ್ದೆಯ ಅಂಚು ದಾಟಬೇಕು, ನಾಯಿಗೆ ಸಮಾಧಾನ ಹೇಳಬೇಕು, ಅಂಗಳದಲ್ಲಿ ನಿಂತು ಕೂಗಬೇಕು. ಇಲ್ಲಿ ನಮ್ಮ ಕಟ್ಟಡಕ್ಕೂ ಹಿಂದಿನ ಕಟ್ಟಡಕ್ಕೂ ನಡುವೆ ಕೈ ಚಾಚಿದರೆ ಎಟಕುವಷ್ಟೇ ಒಂದು ಸಂದಿ. ನನ್ನ ಅಡುಗೆಮನೆ, ಅವರ ಅಡುಗೆಮನೆ ಎದುರುಬದುರು. ಅವರು ಇಂಗು ಹಾಕಿದರೆ ನನಗೆ ಸೀನು ಬರುತ್ತಿತ್ತು.

ಗಾಬರಿಯಲ್ಲಿ ಗಂಡನನ್ನು ಕೂಗಿದೆ. "ಹ್ವಾಯ್, ಇಲ್ ಕಾಣಿ, ಯಾರೋ ಬೆಕ್ಕ್ ಕೊಡ್ತಾ ಇದ್ರ್!"

ಅವರು ಬರುವ ಮೊದಲೇ ಆಚೆಯಿಂದ ಉತ್ತರ ಬಂತು. "ಓ, ಕನ್ನಡವಾ? ನಮ್ಮವರೇ! ಸನ್‌ಶೇಡ್ ಮೇಲೆ ಬಿದ್ದು ಅಳ್ತಾ ಇತ್ತು ಮಾ, ಪಾವಂ. ನಮ್ಮ ಮನೇಲಿ ಆಗೋದಿಲ್ಲ, ಇವರಿಗೆ ವೀಸಿಂಗ್ ಬರತ್ತೆ, ಉಬ್ಬಸ. ನೀನೇ ಇಟ್ಕೋ."

ಪಾವಂ ಎಂದರೆ ಪಾಪ. ಚೆನ್ನೈನಲ್ಲಿ ನಾನು ಕಲಿತ ಮೊದಲ ತಮಿಳು ಪದ ಅದು, ಕಲಿಸಿದವರು ಪದ್ಮಾ ಮಾಮಿ. ಮಾಧ್ವರು. ಅವರ ಮುತ್ತಜ್ಜನ ಕಾಲದಲ್ಲೇ ಮದರಾಸಿಗೆ ಬಂದು ನೆಲೆ ನಿಂತ ಮನೆ. ಕನ್ನಡವನ್ನು ದೇವರ ಪೆಟ್ಟಿಗೆಯ ಹಾಗೆ ಜೋಪಾನ ಮಾಡಿಟ್ಟುಕೊಂಡಿದ್ದಾರೆ, ಆದರೆ ಆ ಪೆಟ್ಟಿಗೆಯಲ್ಲಿ ಅರ್ಧ ತಮಿಳು ತುಂಬಿದೆ. ಮೊಮ್ಮಗಳನ್ನು ಕನ್ನಡದಲ್ಲಿ ಊಟಕ್ಕೆ ಕರೆದರೆ ಅವಳು ಇಂಗ್ಲಿಷಿನಲ್ಲಿ ಬೇಡ ಅನ್ನುತ್ತಾಳೆ.

ನನ್ನ ಗಂಡ ರಘು ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಎಂತ ಮಾರಾಯ್ತಿ, ಇನ್ನೂ ಸಾಮಾನ್ ಬಿಚ್ಚಲಿಲ್ಲ. ಅಷ್ಟರೊಳಗೆ ಬೆಕ್ಕಾ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬೆಕ್ಕು ಮರಿ ಹಾಕಿದರೆ ಏಳು ಮನೆ ಸುತ್ತಿಸುತ್ತದೆ ಅಂತ ನಮ್ಮಲ್ಲಿ ಮಾತಿದೆಯಲ್ಲ, ನಮ್ಮನ್ನೂ ಯಾವುದೋ ಬೆಕ್ಕು ಬಾಯಲ್ಲಿ ಕಚ್ಚಿಕೊಂಡು ತಿರುಗುತ್ತಿತ್ತು. ಮೊದಲು ಚೆನ್ನೈನ ಉತ್ತರ ತುದಿಯ ಮಣಲಿ, ಕೆಲವೇ ತಿಂಗಳು. ಅಲ್ಲಿ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಇವರಿಗೆ ಅಡುಗೆ ಮೇಲ್ವಿಚಾರಣೆ. ಒಗೆದು ಒಣಗಿಸಿದ ಸೀರೆಯೂ ಎಣ್ಣೆ ವಾಸನೆ ಹೊಡೆಯುವ ಊರು. ಆಮೇಲೆ ನಮ್ಮ ಕಡೆಯವರದೇ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕೆಲಸ ಸಿಕ್ಕಿ ಮಾಂಬಲಂಗೆ ಬಂದೆವು. ಹೋದಲ್ಲೆಲ್ಲ ಮನೆ ಮಾಲೀಕರ ಪ್ರಶ್ನೆ ಒಂದೇ. "ಸೊಂದ ಊರು ಎದು?" ನಿಮ್ಮ ಸ್ವಂತ ಊರು ಯಾವುದು? ಅದಾದ ಮೇಲೆ ಮೀನು, ಮಾಂಸ ಬೇಯಿಸುತ್ತೀರಾ ಎಂದು. ಇಲ್ಲ ಎಂದ ಕೂಡಲೇ ಬೀಗದ ಕೈ ಸಿಗುತ್ತಿತ್ತು. ನಮ್ಮ ಮುಖಕ್ಕಲ್ಲ, ನಮ್ಮ ಹುಳಿ-ಸಾರಿಗೆ ಸಿಕ್ಕಿದ ಮನೆಗಳು ಅವು.

ಮರಿಯ ಹಿಂದೆಯೇ ಅದರ ತಾಯಿ ಬಂತು. ಸನ್‌ಶೇಡಿನ ಮೇಲೆ ಕೂತು ನನ್ನ ಕಿಟಕಿಯೊಳಗೆ ಇಣುಕಿ, ಮರಿ ಹಾಲು ಕುಡಿಯುವುದನ್ನು ಕಂಡು, ತಾನೂ ಒಳಗೆ ಬಂದು ಅದರ ಹಾಲು ಕುಡಿದು ಹೋಯಿತು. ಕಾಡಿಗೆ ಬಣ್ಣ. ನಾನು ಕಪ್ಪಿ ಎಂದು ಕರೆದೆ. ಆಚೆ ಕಿಟಕಿಯಲ್ಲಿ ಮಾಮಿ ಅದನ್ನು ಕರುಪ್ಪಿ ಎನ್ನುತ್ತಿದ್ದರು. ಎರಡು ಹೆಸರಿಗೂ ಅದು ಓಗೊಡುತ್ತಿತ್ತು, ಯಾರ ಕೈಯಲ್ಲಿ ತಟ್ಟೆ ಇದೆ ಎನ್ನುವುದೇ ಅದಕ್ಕೆ ಮುಖ್ಯ.

ಊರಲ್ಲಿ ಬೆಕ್ಕನ್ನು ಯಾರೂ ಸಾಕುವುದಿಲ್ಲ. ಬೆಕ್ಕು ಇರುತ್ತದೆ, ಅಷ್ಟೆ. ಹಟ್ಟಿಯ ಇಲಿ ಅದರದ್ದು, ಒಲೆಯ ಬೂದಿಯ ಬಿಸಿ ಅದರದ್ದು. ಬೆಕ್ಕಿನ ವಿಷಯದಲ್ಲಿ ನಮ್ಮ ಅಜ್ಜಿಗೆ ಗೊತ್ತಿದ್ದದ್ದು ಎರಡೇ ಕ್ರಮ. ಕಾಟ ಜಾಸ್ತಿಯಾದರೆ ದಾರಿ ಕಾಣದ ಹಾಗೆ ಗೋಣಿಚೀಲದಲ್ಲಿ ಹಾಕಿ ಹೊಳೆ ದಾಟಿಸಿ ಬಿಡುವುದು. ಹೊಳೆ ದಾಟಿದ ಬೆಕ್ಕು ಹಿಂದೆ ಬರುವುದಿಲ್ಲ. ಇನ್ನು ಯಾರಾದರೂ ಮರಿ ತಂದುಕೊಟ್ಟರೆ, ಅದರ ನಾಲ್ಕೂ ಕಾಲಿಗೆ ತುಪ್ಪ ಹಚ್ಚಿ ಒಲೆಯ ಮುಂದೆ ಮೂರು ಸುತ್ತು ತಿರುಗಿಸಿ ಬಿಡುವುದು. ತುಪ್ಪ ನೆಕ್ಕಿ ಮುಗಿಸುವಷ್ಟರಲ್ಲಿ ಅದಕ್ಕೆ ಆ ಮನೆ ತನ್ನದೆಂದು ತಿಳಿದುಬಿಡುತ್ತದೆ ಎಂದು ಅಜ್ಜಿಯ ನಂಬಿಕೆ.

ಆ ಮೊದಲ ಮರಿಯನ್ನು ಒಂದು ಬೀದಿ ಆಚೆ, ಇಸ್ತ್ರಿ ಅಂಗಡಿಯವರ ಮನೆಗೆ ಕೊಟ್ಟಾಗ ನಾನು ತುಪ್ಪದ ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿದ್ದೆ. ಆ ಮನೆಯಾಕೆ ನಗುತ್ತ ಗ್ಯಾಸ್ ಒಲೆಯ ಮುಂದೆ ಜಾಗ ಮಾಡಿಕೊಟ್ಟಳು. ಮರಿ ಅಲ್ಲೇ ನಿಂತಿತು. ಸುದ್ದಿ ಹಬ್ಬಿತು. ನೀರಿನ ಮೋಟಾರು ಕೋಣೆಯಲ್ಲಿ ಹುಟ್ಟಿದ ಮರಿಗಳು, ನಿಲ್ಲಿಸಿದ ಕಾರಿನ ಎಂಜಿನ್ನಿನೊಳಗೆ ಸೇರಿಕೊಂಡವು, ರೈಲ್ವೆ ಮೇಲ್ಸೇತುವೆಯ ಮೆಟ್ಟಿಲಲ್ಲಿ ಯಾರೋ ರಟ್ಟಿನ ಪೆಟ್ಟಿಗೆಯಲ್ಲಿ ಬಿಟ್ಟುಹೋದವು, ಎಲ್ಲ ನನ್ನ ಮನೆಗೆ ಬರತೊಡಗಿದವು. ಬೀದಿಯವರ ಬಾಯಲ್ಲಿ ನಾನು ಪೂನೈ ಮಾಮಿಯಾದೆ. ಪೂನೈ ಅಂದರೆ ಬೆಕ್ಕು. ಹೆಸರು ಹಿಡಿದು ಕರೆಯಲು ಒಂದು ಪಿಳ್ಳೆಯೂ ಇಲ್ಲದ ಊರಿನಲ್ಲಿ ಅದೇ ನನ್ನ ಮೊದಲ ಬಿರುದು, ನನಗೆ ಖುಷಿಯಾಗಿತ್ತು.

ಕೆಲಸವೇನೂ ಸಲೀಸಿನದ್ದಲ್ಲ. ಊರಲ್ಲಿ ಮೀನಿನ ಪರಿಮಳ ಗಾಳಿಯಲ್ಲೇ ಪುಕ್ಕಟೆ ಬರುತ್ತಿತ್ತು, ಬೆಕ್ಕು ಅದರ ಜಾಡು ಹಿಡಿದು ತಾನೇ ಹೋಗಿ ತಿಂದು ಬರುತ್ತಿತ್ತು. ಇಲ್ಲಿ ಈರುಳ್ಳಿ ಹಾಕದ ಹುಳಿ ಮಾಡುವ ನಾನು, ಕರುವಾಡು ಎಂದು ಇಲ್ಲಿಯವರು ಕರೆಯುವ ಒಣಮೀನನ್ನು ಕಾಗದದಲ್ಲಿ ಸುತ್ತಿಸಿಕೊಂಡು, ಕದ್ದ ಮಾಲಿನಂತೆ ತರುತ್ತಿದ್ದೆ. ತಾರಸಿಯ ಮೇಲೆ ಹಳೇ ಸೀಮೆಎಣ್ಣೆ ಸ್ಟೌ ಇಟ್ಟು, ಮೂಗಿಗೆ ಸೆರಗು ಕಟ್ಟಿ ಬೇಯಿಸುತ್ತಿದ್ದೆ. ರಘು ಆ ಹೊತ್ತಿನಲ್ಲಿ ಮೆಟ್ಟಿಲ ಹತ್ತಿರವೂ ಸುಳಿಯುತ್ತಿರಲಿಲ್ಲ. ಆಮೇಲೆ ಪ್ಯಾಕೆಟ್ಟಿನ ಬೆಕ್ಕಿನ ಆಹಾರ ಸಿಗುತ್ತದೆಂದು ಗೊತ್ತಾಗಿ ನಾವಿಬ್ಬರೂ ಉಸಿರು ಬಿಟ್ಟೆವು.

ಒಂದು ಚೋದ್ಯ ನೋಡಿ. ನನಗೆ ಮನೆ ಹುಡುಕುವಾಗ ಮಾಲೀಕರು ಕೇಳಿದ ಮೀನು, ಮಾಂಸದ ಪ್ರಶ್ನೆಯನ್ನೇ ಬೆಕ್ಕಿಗೆ ಮನೆ ಹುಡುಕುವಾಗ ನಾನು ಕೇಳುತ್ತಿದ್ದೆ, ಬೇಕಾದ ಉತ್ತರ ಮಾತ್ರ ತಿರುಗುಮುರುಗು. ಬರೀ ಮೊಸರನ್ನದಲ್ಲಿ ಬೆಳೆಸುತ್ತೇವೆ ಎಂದವರಿಗೆ ನಾನು ಮರಿ ಕೊಡುತ್ತಿರಲಿಲ್ಲ. ಒಬ್ಬ ನಿವೃತ್ತ ಅಧಿಕಾರಿ, "ನೀವೇ ವೆಜಿಟೇರಿಯನ್ ಅಲ್ಲವಾ?" ಎಂದು ತಬ್ಬಿಬ್ಬಾದರು. ನಾನು ವೆಜಿಟೇರಿಯನ್, ಬೆಕ್ಕಲ್ಲ ಎಂದೆ. ಅಷ್ಟು ತಮಿಳು ಆ ಹೊತ್ತಿಗೆ ಬಂದಿತ್ತು.

ಹೀಗೆ ಕಪ್ಪಿಯ ಮಕ್ಕಳೆಲ್ಲ ಒಂದೊಂದು ಮನೆ ಸೇರಿದವು. ಇನ್ನು ಮರಿಯಾಗದ ಹಾಗೆ ಕಪ್ಪಿಗೂ ಆಪರೇಷನ್ ಮಾಡಿಸಿದೆವು, ಗುರುತಿಗೆ ಒಂದು ಕಿವಿಯ ತುದಿ ಕತ್ತರಿಸಿ ಕಳಿಸಿದರು. ಅದಕ್ಕೆ ಬೇರೆ ಮನೆ ಹುಡುಕುವ ಯೋಚನೆ ನನಗೆ ಬಂದೇ ಇರಲಿಲ್ಲ. ಅದಕ್ಕೆ ಮನೆ ಇತ್ತಲ್ಲ. ಮಾಮಿಯ ಕಡೆಯ ಸನ್‌ಶೇಡಿನಲ್ಲಿ ನಿದ್ದೆ, ನನ್ನ ಕಿಟಕಿಯಲ್ಲಿ ಊಟ. ಮಾಮಿಯ ಯಜಮಾನರು ಆ ಕಡೆಯಿಂದ ಶೂ ಶೂ ಎಂದು ಓಡಿಸಿದರೆ ಈ ಕಡೆಗೆ ನೆಗೆಯುತ್ತಿತ್ತು. ವರ್ಷಗಳು ಹೋದವು. ಅದರ ಒಂದು ಕಣ್ಣಿಗೆ ಪೊರೆ ಬಂತು.

ಆಮೇಲೆ ಒಂದು ದಿನ ಮಾಲೀಕರು ಬಂದು ಹೇಳಿದರು, ಕಟ್ಟಡ ಹಳೆಯದಾಯಿತು, ಒಡೆದು ಹೊಸದು ಕಟ್ಟುತ್ತೇವೆ, ಎಲ್ಲರೂ ಖಾಲಿ ಮಾಡಬೇಕು. ಈಗ ಮಾಂಬಲಂನಲ್ಲಿ ಇದೇ ಮಾತು. ಬೀದಿಗೊಂದು ಮನೆ ಹಸಿರು ಬಲೆ ಹೊದ್ದು ನಿಂತಿರುತ್ತದೆ. ನಮ್ಮ ಕೈಗೆಟಕುವ ಬಾಡಿಗೆ ಹತ್ತಿರದಲ್ಲಿ ಎಲ್ಲೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ತಾಂಬರಂನಲ್ಲಿ. ಇವರು ರೈಲಿನಲ್ಲಿ ಹೋಟೆಲಿಗೆ ಬಂದುಹೋಗಬಹುದು. ನಮ್ಮದಾಯಿತು. ಕಪ್ಪಿ? ಅದರ ಒಂದು ಬದಿಯ ಜಗತ್ತೇ ಬಿದ್ದುಹೋಗುವುದರಲ್ಲಿತ್ತು. ಆಚೆ ಬದಿಯಲ್ಲಿ ವೀಸಿಂಗ್ ಇತ್ತು.

ಅಂಡು ಸುಟ್ಟ ಬೆಕ್ಕಿನ ಹಾಗೆ ಅನ್ನುತ್ತಾರಲ್ಲ, ನಾನು ಆ ತಿಂಗಳೆಲ್ಲ ಹಾಗೇ ಇದ್ದೆ. ಪಾತ್ರೆ ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು ಬೀದಿಗೆ ಹೋಗುವುದು, ಬೀದಿಯಲ್ಲಿ ನೆನಪಾಗಿ ಮನೆಗೆ ಓಡುವುದು. ಇಸ್ತ್ರಿ ಅಂಗಡಿಯಾಕೆಯನ್ನು ಕೇಳಿದೆ, ಅವಳ ಬೆಕ್ಕು ತನ್ನ ತಾಯಿಯನ್ನೇ ಹೊಸಿಲು ತುಳಿಯಲು ಬಿಡಲಿಲ್ಲ. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದೆ. ಒಂದು ಜೋಡಿ ನೋಡಲು ಬಂದರು, ಹೆಣ್ಣು ನೋಡಲು ಬಂದವರ ಹಾಗೆ ಸೋಫಾದ ತುದಿಯಲ್ಲಿ ಕೂತರು. ನಾನೂ ಹೆಣ್ಣಿನ ತಾಯಿಯ ಹಾಗೆ ಕಾಫಿ ಕೊಟ್ಟು, ಗುಣಗಾನ ಮಾಡಿ, ಕುರುಡುಗಣ್ಣು ಕಾಣದ ಹಾಗೆ ಕಪ್ಪಿಯನ್ನು ಓರೆಯಾಗಿ ಹಿಡಿದಿದ್ದೆ. ಆ ಹುಡುಗಿ ಕಪ್ಪಿಯ ಬೆನ್ನು ಸವರಿದಳು. ಹುಡುಗ ಮಾತ್ರ, ವಯಸ್ಸಾಯಿತು, ಮೇಲೆ ಕಪ್ಪು ಬಣ್ಣ ಬೇರೆ, ಅಮ್ಮ ಒಪ್ಪೋದಿಲ್ಲ ಎಂದ. ಮರಿ ಇದ್ದರೆ ಹೇಳಿ ಎಂದು ಕಾಫಿ ಮುಗಿಸಿ ಹೋದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ಲೋಟಗಳನ್ನು ಎರಡೆರಡು ಸಲ ತಿಕ್ಕಿದೆ.

"ನಾನೇ ಕರಕೊಂಡು ಹೋಗ್ತೇನೆ ಮಾಮಿ," ಎಂದೆ ಕಿಟಕಿಯಲ್ಲಿ.

ಮಾಮಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಹೇಳಿದರು, "ಅದರ ಸೊಂದ ಊರು ಇದು ಮಾ. ಈ ಸಂದಿ. ಅಲ್ಲಿ ಹೋಗಿ ಏನು ಮಾಡತ್ತೆ?"

"ನಾನು ಮಾಡ್ಲಿಲ್ವಾ?"

ಅವರು ಮೊರ ಕುಲುಕಿದರು. ಒಂದು ಕಲ್ಲು ಆರಿಸಿ ಸಂದಿಗೆ ಎಸೆದರು.

ಹೊರಟ ದಿನ ಎಲ್ಲವನ್ನೂ ಕ್ರಮಬದ್ಧವಾಗಿ ಮಾಡಿದೆ. ಸಾಮಾನಿನ ಟೆಂಪೋದಲ್ಲಿ ರಘು. ನಾನು ಮಾಂಬಲಂ ಸ್ಟೇಷನ್ನಿನಲ್ಲಿ ಹೆಂಗಸರ ಡಬ್ಬಿ ಹತ್ತಿದೆ, ತೊಡೆಯ ಮೇಲೆ ಪ್ಲಾಸ್ಟಿಕ್ ಗೂಡು, ದಾರಿ ಕಾಣದಿರಲೆಂದು ಅದರ ಮೇಲೆ ಹೋಟೆಲಿನ ಗೋಣಿಚೀಲ. ಸೈದಾಪೇಟೆ ಕಳೆದು ರೈಲು ಅಡ್ಯಾರ್ ಹೊಳೆಯ ಸೇತುವೆ ಮೇಲೆ ಹೋಗುವಾಗ ಗೋಣಿಯೊಳಗಿಂದ ಒಂದು ಉದ್ದನೆಯ ಕೂಗು ಬಂತು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದವಳು ಬೆಚ್ಚಿ ಮಲ್ಲಿಗೆ ಚೆಲ್ಲಿದಳು. ಹೊಳೆ ದಾಟಿತು, ಇನ್ನು ಹಿಂದಿನದು ಮರೆಯುತ್ತದೆ ಎಂದುಕೊಂಡೆ. ಹೊಸ ಮನೆಯಲ್ಲಿ ಹಾಲುಕ್ಕಿಸಿದ ಮೇಲೆ ನಾಲ್ಕು ಕಾಲಿಗೂ ತುಪ್ಪ ಹಚ್ಚಿ, ಒಲೆಯ ಮುಂದೆ ಸುತ್ತಿಸಿ ಬಿಟ್ಟೆ.

ಕಪ್ಪಿ ತುಪ್ಪ ನೆಕ್ಕಲಿಲ್ಲ. ಜಿಡ್ಡು ಪಾದಗಳಲ್ಲೇ ನೆಲದ ತುಂಬ ಗುರುತು ಮೂಡಿಸುತ್ತ ಹೋಗಿ ಅಡುಗೆಮನೆಯ ಕಿಟಕಿ ಹತ್ತಿ ಕೂತಿತು.

ತಾಂಬರಂನ ಆ ಕಿಟಕಿಯ ಹೊರಗೆ ಖಾಲಿ ಸೈಟು. ಗಾಳಿ ಚೆನ್ನಾಗಿ ಬರುತ್ತದೆ, ಬೆಳಕಿದೆ, ದೂರದಲ್ಲಿ ರೈಲು ಕಾಣುತ್ತದೆ. ಮನೆ ನೋಡಲು ಬಂದಾಗ ನಾನೇ ಮೆಚ್ಚಿದ್ದೆ. ಈಗ ನೋಡಿದರೆ ಅಲ್ಲಿ ಯಾರೂ ಇಲ್ಲ. ಇಂಗಿನ ವಾಸನೆ ಇಲ್ಲ, "ಇವತ್ತೇನು ಮಾ ಹುಳಿ?" ಎನ್ನುವ ದನಿ ಇಲ್ಲ. ಕಪ್ಪಿ ಕಿಟಕಿಯಲ್ಲಿ, ನಾನು ಅದರ ಹಿಂದೆ. ಪ್ಯಾಕೆಟ್ ಇಟ್ಟೆ, ಮೂಸಲಿಲ್ಲ. ತಾರಸಿಗೆ ಹೋಗಿ ಮತ್ತೆ ಕರುವಾಡು ಬೇಯಿಸಿದೆ, ಮುಟ್ಟಲಿಲ್ಲ. ದಿನ ಕಳೆದಂತೆ ಬೆನ್ನುಮೂಳೆ ಕೈಗೆ ಸಿಗತೊಡಗಿತು. ವೈದ್ಯರು ನೋಡಿ ರೋಗವೇನೂ ಇಲ್ಲ, ಆದರೆ ಹೀಗೇ ಉಪವಾಸ ಬಿದ್ದರೆ ಈ ವಯಸ್ಸಿಗೆ ಉಳಿಯುವುದಿಲ್ಲ ಎಂದರು. ಸಿರಿಂಜಿನಲ್ಲಿ ಗಂಜಿಯಂಥದ್ದನ್ನು ಬಾಯಿಗೆ ಬಿಟ್ಟು ಕಳಿಸಿದರು.

ರಘು ಕೆಲಸದಿಂದ ಬಂದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. "ಬಿಟ್ ಬಪ್ಪುಕೂ ಗೋಣಿ, ತಕಂಡ್ ಬಪ್ಪುಕೂ ಗೋಣಿ. ನೀ ಅದನ್ನ ಬಿಟ್ಟದ್ದಾ, ತಂದದ್ದಾ? ಬೆಕ್ಕಿಗೆ ಎಂತ ಗೊತ್ತಾತ್?"

ನನಗೆ ಅಳು ಬಂತು. ಅಜ್ಜಿಯ ಎರಡು ಕ್ರಮಗಳನ್ನೂ ಒಂದೇ ಬೆಕ್ಕಿನ ಮೇಲೆ, ಒಂದೇ ದಿನ ಮಾಡಿದ್ದೆ. ಹೊಳೆ ದಾಟಿಸಿ ದೂರ ಮಾಡಿದ್ದೂ ನಾನೇ, ತುಪ್ಪ ಹಚ್ಚಿ ಇರು ಎಂದದ್ದೂ ನಾನೇ. ಊರಲ್ಲಿ ಯಾರೂ ಹೀಗೆ ಮಾಡುವುದಿಲ್ಲ, ಅಲ್ಲಿ ಬಿಡುವವರು ಬೇರೆ, ತರುವವರು ಬೇರೆ.

ಮಾಮಿಗೆ ಫೋನ್ ಮಾಡಿದೆ.

"ತಿನ್ನತ್ತಾ?" ಎಂದರು ಹಲೋ ಕೂಡ ಹೇಳದೆ.

"ಇಲ್ಲ ಮಾಮಿ. ಹೀಗೇ ಆದ್ರೆ ಉಳಿಯೋದಿಲ್ಲ."

ಕೂಗುತ್ತಿದ್ದ ಕುಕ್ಕರನ್ನು ಅವರು ಆರಿಸಿದ್ದು ಕೇಳಿಸಿತು. ಆಮೇಲೆ ಹೇಳಿದರು, "ನಮ್ಮ ಇವರು ದಿನಾ ಸಾಯಂಕಾಲ ಬಂದು ಕಿಟಕಿ ಹತ್ರ ನಿಲ್ತಾರೆ ಮಾ. ಯಾಕೆ ಅಂತ ಕೇಳಿದ್ರೆ ಸುಮ್ನೆ ಗಾಳಿಗೆ ಅಂತಾರೆ. ಆ ಸಂದೀಲಿ ಎಲ್ಲಿಂದ ಗಾಳಿ? ನಿನ್ನೆ ಅವರೇ ಬಾಯ್ಬಿಟ್ರು. ಶೂ ಶೂ ಅನ್ನಕ್ಕೆ ಯಾರೂ ಇಲ್ಲ, ಆ ಪೂನೈನ ಕರಕೊಂಡು ಬರ ಹೇಳು ಅಂತ."

"ವೀಸಿಂಗ್?"

"ಹಾಲ್‌ಗೆ ಬರಬಾರದು. ಅಡುಗೆಮನೆ, ಸನ್‌ಶೇಡು, ಅವ್ವಳವು ದಾನ್, ಅಷ್ಟೇ. ಡಾಕ್ಟರ್ ಹತ್ರ ಕೇಳಾಯ್ತು. ಆ ಪ್ಯಾಕೆಟ್ಟೂ ತೊಗೊಂಡು ಬಾ. ಬಿಸ್ಕತ್ ಅಂತ ನೆನಸ್ಕೊಳ್ತೀನಿ."

ಭಾನುವಾರ ಮತ್ತೆ ರೈಲು ಹತ್ತಿದೆ. ಈ ಸಲ ಗೋಣಿ ಹೊದಿಸಲಿಲ್ಲ. ಸೇತುವೆ ಬಂದಾಗ ಗೂಡಿನ ಬಾಗಿಲನ್ನು ಕಿಟಕಿಯ ಕಡೆ ತಿರುಗಿಸಿ, "ಕಾಣ್, ಹೊಳೆ," ಎಂದೆ. ಕಪ್ಪಿ ಹೊಳೆ ನೋಡಿತೋ ಇಲ್ಲವೋ ಗೊತ್ತಿಲ್ಲ, ಕೂಗಲಿಲ್ಲ.

ಇಷ್ಟು ವರ್ಷ ಎದುರುಬದುರು ಇದ್ದರೂ ಮಾಮಿಯ ಮನೆಯ ಬಾಗಿಲು ಹಿಂದಿನ ಬೀದಿಗೆ, ನಾನು ಅಲ್ಲಿಗೆ ಹೋದದ್ದು ನವರಾತ್ರಿಯ ಗೊಂಬೆ ನೋಡಲು ಮಾತ್ರ. ಹಾಲಿನಲ್ಲಿ ಕೂತು, ಕುಂಕುಮ, ತಾಂಬೂಲ ತೆಗೆದುಕೊಂಡು, ಸುಂಡಲ್ ಅನ್ನುವ ಕಡಲೆ ಉಸಲಿ ತಿಂದು ಬರುತ್ತಿದ್ದೆ. ಅಡುಗೆಮನೆಗೆ ಹೋದದ್ದಿಲ್ಲ. ಮಾಮಿಯದ್ದು ಮಡಿ ಅಡುಗೆಮನೆ. ಮಗಳು ಕೂಡ ಸ್ನಾನ ಮಾಡದೆ ಹೊಸಿಲು ದಾಟುವ ಹಾಗಿಲ್ಲ, ಕೆಲಸದವಳಿಗೆ ಪಾತ್ರೆ ಹೊರಗಿನ ಬಾಲ್ಕನಿಯಲ್ಲಿ. ಇವತ್ತು ನಾನು ಹಾಲಿನಲ್ಲೇ ಗೂಡು ಹಿಡಿದು ನಿಂತೆ. ಮಾಮಾ ಮೂಲೆಯ ಕುರ್ಚಿಯಿಂದ ಕತ್ತು ಚಾಚಿ, "ಇಷ್ಟು ಇಳಿದುಹೋಗಿದ್ದಾಳೆ," ಎಂದು ಮೂಗಿಗೆ ಕರವಸ್ತ್ರ ಹಿಡಿದುಕೊಂಡರು.

"ತುಪ್ಪ ತಂದಿದ್ದೀಯಾ?" ಎಂದರು ಮಾಮಿ.

"ತಂದಿದ್ದೇನೆ. ಇಲ್ಲೇ ಹಚ್ಲಾ?"

"ಒಲೆ ಮುಂದೆ ತಾನೇ ನಿಮ್ಮ ಅಜ್ಜಿ ಶಾಸ್ತ್ರ? ಒಲೆ ಇಲ್ಲೆಲ್ಲಿದೆ? ಬಾ ಒಳಗೆ."

ನಾನು ಅವರ ಮುಖ ನೋಡಿದೆ. ಅವರು ನೋಡದವರಂತೆ ಒಳಗೆ ನಡೆದು, ನೀರಿನ ತಾಮ್ರದ ಕೊಡವನ್ನು ಮಾತ್ರ ಎತ್ತಿ ಮೇಲಿನ ಹಲಗೆಯಲ್ಲಿಟ್ಟರು. ಕಾಲು ತೊಳೆದುಕೊಂಡು ನಾನೂ ಹೋದೆ. ನೆಲದ ಮೇಲೆ ಕೂತು ಕಪ್ಪಿಯ ಒಂದೊಂದೇ ಪಾದಕ್ಕೆ ತುಪ್ಪ ಹಚ್ಚಿದೆ, ಅವರ ಒಲೆಯ ಮುಂದೆ ಎತ್ತಿ ಸುತ್ತಿಸಿದೆ. ನೆಲಕ್ಕೆ ಬಿಟ್ಟ ಕೂಡಲೇ ಅದು ಕೂತು, ಬಲಗಾಲು ಎತ್ತಿ, ನೆಕ್ಕತೊಡಗಿತು. ನಾಲ್ಕೂ ಕಾಲು ಮುಗಿಸಿ ಬಿಸ್ಕತ್ತಿನ ತಟ್ಟೆಗೆ ಬಾಯಿ ಹಾಕಿತು. ಮಾಮಿ ಸೆರಗಿನಿಂದ ಕಣ್ಣೊರೆಸಿಕೊಂಡು, ಒಗ್ಗರಣೆ ಘಾಟು ಎಂದರು. ಒಲೆ ಉರಿಯುತ್ತಿರಲಿಲ್ಲ.

"ನಿನ್ನ ಕಾಲಿಗೂ ಸ್ವಲ್ಪ ಹಚ್ಚಬೇಕಾಗಿತ್ತು ಮಾ, ಆವಾಗಲೇ," ಎಂದರು ಆಮೇಲೆ.

"ಯಾವ ಒಲೆ ಮುಂದೆ ಮಾಮಿ?"

ಅವರು ನಕ್ಕರು. ನಾನೂ ನಕ್ಕೆ. ಆದರೆ ಕೇಳಿದ್ದು ನಿಜಕ್ಕೂ ಕೇಳಬೇಕೆಂದೇ. ಕೋಟಕ್ಕೆ ಹೋದರೆ ಅತ್ತಿಗೆ ನನ್ನ ಮಾತಿನಲ್ಲಿ ತಮಿಳು ಹೆಕ್ಕಿ ಹೆಕ್ಕಿ ನಗುತ್ತಾಳೆ, ಮೂರನೇ ದಿನಕ್ಕೆ ರೈಲಿನ ಟಿಕೆಟ್ಟು ತೆಗೆದು ನೋಡುತ್ತೇನೆ. ಇಲ್ಲಿ ತಾಂಬರಂನ ತರಕಾರಿಯವನು ನನ್ನ ಎರಡು ಮಾತಿಗೇ ಸೊಂದ ಊರು ಎದು ಎಂದು ಕೇಳುತ್ತಾನೆ, ಉತ್ತರ ಹೇಳುವಷ್ಟರಲ್ಲಿ ಮುಂದಿನ ಗಿರಾಕಿ ಬಂದಿರುತ್ತಾರೆ.

ತಟ್ಟೆ ಖಾಲಿ ಮಾಡಿದ ಕಪ್ಪಿ ಕಟ್ಟೆ ಹತ್ತಿ, ಕಂಬಿ ನುಸುಳಿ, ತನ್ನ ಸನ್‌ಶೇಡಿಗೆ ಇಳಿಯಿತು. ಅದನ್ನು ನೋಡಲು ಕಿಟಕಿಗೆ ಹೋದವಳು ಎದುರಿಗೆ ಮೊದಲ ಸಲ ನನ್ನ ಅಡುಗೆಮನೆಯನ್ನು ಕಂಡೆ. ಒಡೆಯುವ ಕೆಲಸ ಮುಂದಿನ ಬೀದಿಯ ಕಡೆಯಿಂದ ಶುರುವಾಗಿತ್ತು, ಈ ಬದಿಯ ಗೋಡೆ ಇನ್ನೂ ನಿಂತಿತ್ತು. ಕಿಟಕಿಯ ಚೌಕಟ್ಟು, ಕಂಬಿ ಎಲ್ಲ ಕಿತ್ತು ಒಯ್ದಿದ್ದರು. ಒಳಗೆ ಹಸಿರು ಟೈಲು, ಕ್ಯಾಲೆಂಡರಿನ ಮೊಳೆ, ಒಲೆಯಿದ್ದ ಜಾಗದ ಹಿಂದೆ ಎಣ್ಣೆ ಹಾರಿ ಕಪ್ಪಾದ ಗೋಡೆ. ಎಷ್ಟು ಚಿಕ್ಕದಿತ್ತು ಆ ಕೋಣೆ. ಮಾಮಿ ಇಷ್ಟು ವರ್ಷ ನೋಡುತ್ತಿದ್ದದ್ದು ಇದನ್ನು, ಇದರೊಳಗೆ ನನ್ನನ್ನು.

ಕಪ್ಪಿ ಸನ್‌ಶೇಡಿನ ತುದಿಯಲ್ಲಿ ಬಾಲ ಸುತ್ತಿಕೊಂಡು ಆ ಖಾಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿತ್ತು. ಹೊತ್ತಿಗೆ ಸರಿಯಾಗಿ ನಾನು ಅಲ್ಲಿ ತಟ್ಟೆ ಹಿಡಿದು ಬರಬೇಕಿತ್ತು. "ಕಪ್ಪೀ," ಎಂದು ಇತ್ತ ಕಡೆಯಿಂದ, ಅದರ ಬೆನ್ನ ಹಿಂದಿನಿಂದ ಕರೆದೆ. ತುದಿ ಕತ್ತರಿಸಿದ ಕಿವಿ ಒಂದು ನನ್ನತ್ತ ತಿರುಗಿತು. ಮುಖ ತಿರುಗಲಿಲ್ಲ. ಅದು ಎದುರಿನ ಕಿಟಕಿಯಲ್ಲಿ ನನಗಾಗಿ ಕಾಯುತ್ತಿತ್ತು.